ರಟ್ಟಿನ ಮೇಲಿನ ಶಬ್ದಗಳು

ಇಚಲಕರಂಜಿಯ ಶಹಾಪುರದ ಮಗ್ಗದ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ಕಂಡಿಕೆಗೆ ನೂಲು ಸುತ್ತಿದ ಗೌರವ್ವನಿಗೆ ಇಂಗ್ಲಿಷಿನ ಹುಚ್ಚು ಹತ್ತಿಸಿದವಳು ಮಗಳು ಪೂನಮ. ಬ್ಯಾಂಕಿನ ಪರೀಕ್ಷೆಯಲ್ಲಿ ಎರಡು ಸಲ ಅವಳನ್ನು ಕೆಡವಿದ್ದು ಇಂಗ್ಲಿಷೇ. ಮೂರನೆಯ ಸಲವೂ ಬಿದ್ದರೆ ಜೀವಮಾನವಿಡೀ ಕಂಡಿಕೆಯೇ ಗತಿ ಎಂದು ಅವಳಿಗೂ ಗೊತ್ತಿತ್ತು, ತಾಯಿಗೂ ಗೊತ್ತಿತ್ತು.

ನೂಲಿನ ಪೆಟ್ಟಿಗೆಯ ರಟ್ಟು ಕತ್ತರಿಸಿ ಒಂದು ಬದಿಗೆ ಕಠಿಣ ಶಬ್ದ, ಇನ್ನೊಂದು ಬದಿಗೆ ಕನ್ನಡದಲ್ಲಿ ಅರ್ಥ ಬರೆದುಕೊಂಡು, ಪೂನಮ ತಾಯಿಯ ಎದುರೇ ಕೆಲಸಕ್ಕೆ ಕೂತು ಬಾಯಿಪಾಠ ಮಾಡುತ್ತಿದ್ದಳು. ಮಗ್ಗಗಳ ಗದ್ದಲದಲ್ಲಿ ಯಾರ ದನಿಯೂ ಕೇಳದು. ಅಲ್ಲಿಯವರು ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ನಾಲ್ಕನೆಯ ಇಯತ್ತೆಯವರೆಗಷ್ಟೇ ಶಾಲೆ ಕಲಿತ ಗೌರವ್ವ ಇನ್ನೂರು ಇಂಗ್ಲಿಷ್ ಶಬ್ದಗಳನ್ನು ಅರ್ಥಸಹಿತ ಹಾಗೆಯೇ, ಮಗಳ ತುಟಿ ನೋಡಿ ಕಲಿತಳು.

"ಗೌರವ್ವಾ, ಆತಾ ಕಲೆಕ್ಟರ್ ಹೋಣಾರ್!" ಇನ್ನು ಕಲೆಕ್ಟರೇ ಆಗುವವಳು ಎಂದು ಶೆಡ್ಡಿನವರು ಮರಾಠಿಯಲ್ಲಿ ನಗುತ್ತಿದ್ದರು. ನಗಲಿ ಬಿಡಿ, ನಗುವುದಕ್ಕೆ ಪಗಾರ ಕಡಿಯುವುದಿಲ್ಲ.

ಗೌರವ್ವನ ಹೊಟ್ಟೆನೋವು ತಡೆಯಲಾರದಷ್ಟಾದಾಗ ಕೊಲ್ಲಾಪುರದ ದವಾಖಾನೆಗೆ ಹೋದರು. ಪೂನಮ ತಾಯಿಯನ್ನು ಹೊರಗೆ ಬೆಂಚಿನ ಮೇಲೆ ಕೂಡಿಸಿ ಡಾಕ್ಟರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಾಜಿನ ಬಾಗಿಲು! ಅಷ್ಟು ಓದಿದ ಹುಡುಗಿ ಅದೊಂದನ್ನು ಮರೆತಳು.

ಡಾಕ್ಟರು ಒಂದು ಶಬ್ದವನ್ನು ಎರಡು ಸಲ ಅಂದರು. ಮೊದಲು ತುಟಿಗಳು ಕೂಡಿದವು, ಕೊನೆಗೆ ಹಲ್ಲು ಕೆಳತುಟಿಗೆ ತಾಗಿತು. ಪ್ಯಾಲಿಯೇಟಿವ್. ಆ ಇನ್ನೂರರಲ್ಲಿ ಅದೂ ಒಂದು, ಗೌರವ್ವನಿಗೆ ಅದರ ಅರ್ಥ ಗೊತ್ತಿತ್ತು.

"ಏನಂದ್ರ ಡಾಕ್ಟರು?"

"ಏನಿಲ್ಲವ್ವ, ಗುಳಗಿ ತಗೊಂಡ್ರ ಆರಾಮ ಆಗ್ತದಂತ."

"ಛಲೋ ಆತು ಬಿಡು," ಎಂದು ಗೌರವ್ವ ಬೆಂಚಿನಿಂದ ಎದ್ದಳು. ತನಗೆ ತಿಳಿಯಿತೆಂದರೆ ಮಗಳು ಓದು ಬಿಟ್ಟು ಅಳುತ್ತ ಕೂರುತ್ತಾಳೆಂಬ ಹೆದರಿಕೆ, ಸಾಯುವ ಹೆದರಿಕೆಗಿಂತ ದೊಡ್ಡದಿತ್ತು.

ಆದರೆ ಪರೀಕ್ಷೆಯ ಹಿಂದಿನ ಸಂಜೆ ಪೂನಮ, "ನಾ ನಾಳೆ ಹೋಗೂದಿಲ್ಲವ್ವ. ತಯಾರಿ ಆಗಿಲ್ಲ," ಎಂದಳು.

ಗೌರವ್ವ ರಟ್ಟಿನ ಕಟ್ಟು ತೆಗೆದು ಕನ್ನಡದ ಬದಿ ನೋಡಿ ಒಂದೊಂದೇ ಕೇಳಿದಳು. ಪೂನಮ ಒಂದನ್ನೂ ತಪ್ಪು ಹೇಳಲಿಲ್ಲ. ಕಟ್ಟು ಮುಗಿಯಿತು.

"ಇದರಾಗಿಂದು ಒಂದು ರಟ್ಟು ತಗದಿಟ್ಟೀದಿ," ಎಂದಳು ಗೌರವ್ವ. "ಪ್ಯಾಲಿಯೇಟಿವ್. ಅರ್ಥ ಹೇಳು."

ಪೂನಮ ರಟ್ಟುಗಳನ್ನು ಮತ್ತೆ ಕಟ್ಟತೊಡಗಿದಳು. ಅರ್ಥ ಗೌರವ್ವನೇ ಹೇಳಿದಳು.

"ಬ್ಯಾನಿ ವಾಸಿ ಆಗೂದಿಲ್ಲ, ನೋವಷ್ಟ ಕಮ್ಮಿ ಮಾಡೂದು. ನಾಳೆ ಕೇಳಿದ್ರ ತಪ್ಪಬ್ಯಾಡ. ಹೋಗ್ತಿ, ಹೌದಿಲ್ಲ?"

ಪೂನಮಳ ತುಟಿಗಳು ಅಲುಗಿದವು, ದನಿ ಹೊರಡಲಿಲ್ಲ. ಹೋಗುತ್ತೇನೆ ಎಂದದ್ದು ಗೌರವ್ವನಿಗೆ ತಿಳಿಯಿತು.