ನಲವತ್ತು ಜನ, ಒಂದು ಫೋನು

ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಕೂರುವ ಒಂದು ಪುಟ್ಟ ಸಂಖ್ಯೆಯ ಮೇಲೆ ನನಗೆ ಇತ್ತೀಚೆಗೆ ವಿಪರೀತ ಸಿಟ್ಟು. ಸಂಖ್ಯೆಯ ಮೇಲೆ ಸಿಟ್ಟಾಗುವುದು ಬುದ್ಧಿವಂತರ ಲಕ್ಷಣವಲ್ಲ ಎನ್ನುತ್ತಾರೆ ನನ್ನ ಗಂಡ. ಅವರು ಶಾಲೆಯಲ್ಲಿ ಗಣಿತ ಕಲಿಸುವವರು, ಹೇಳಲಿ ಬಿಡಿ. ಆದರೆ ಸಭೆಯಲ್ಲಿ ಎಷ್ಟು ಜನ ಇದ್ದಾರೆಂದು ತೋರಿಸುವ ಆ ಸಂಖ್ಯೆ ಕಣ್ಣೆದುರೇ ಸುಳ್ಳು ಹೇಳಿದರೆ ಸುಮ್ಮನಿರಲು ನಾನೇನು ಗೋಡೆಯೇ?

ನಾನು ರಾಣೆಬೆನ್ನೂರಿನ ನಿರೂಪಕಿ. ಅಂಗಡಿಯ ಉದ್ಘಾಟನೆ, ಶಾಲೆಯ ವಾರ್ಷಿಕೋತ್ಸವ, ನಿವೃತ್ತರ ಬೀಳ್ಕೊಡುಗೆ, ಹೀಗೆ ಮೈಕು ಎಲ್ಲಿದೆಯೋ ಅಲ್ಲಿ ನಾನು. ಸಭೆಗಳೆಲ್ಲ ಮೊಬೈಲಿನೊಳಗೆ ಹೊಕ್ಕ ಮೇಲೆ ಹಿಂದೆಯೇ ನಾನೂ ಹೊಕ್ಕೆ. ಕಳೆದ ವರ್ಷ ಬೀಜದ ಕಂಪನಿಯೊಂದು ತನ್ನ ಗ್ರಾಹಕರಾದ ಮೆಣಸಿನಕಾಯಿ ಬೆಳೆಗಾರರಿಗಾಗಿ ನಾಲ್ಕು ಆನ್‌ಲೈನ್ ಸಭೆಗಳನ್ನು ರೂಪಿಸಿಕೊಡಲು ಹೇಳಿತು. ಷರತ್ತು ಒಂದೇ, ಯಾರೂ ತೂಕಡಿಸಬಾರದು. "ಪ್ರತಿ ಏಳು ನಿಮಿಷಕ್ಕೊಮ್ಮೆ ಜನ ಏನಾದ್ರೂ ಒತ್ತುತ್ತಾ ಇರಬೇಕು ಮೇಡಂ" ಎಂದರು ಬೆಂಗಳೂರಿನ ಮ್ಯಾನೇಜರು.

ಒತ್ತಿಸುವುದೇ ತಾನೇ? ರಸಪ್ರಶ್ನೆ ಇಟ್ಟೆ, ಮತದಾನ ಇಟ್ಟೆ, ಚಪ್ಪಾಳೆಯ ಚಿತ್ರ ಇಟ್ಟೆ, ಗೆದ್ದವರಿಗೆ ಕುಕ್ಕರ್ ಇಟ್ಟೆ. ಮೊದಲ ಸಭೆಯ ದಿನ ರೇಷ್ಮೆ ಸೀರೆ ಉಟ್ಟು ಲ್ಯಾಪ್‌ಟಾಪಿನ ಮುಂದೆ ಕೂತವಳು ನಾನು. ಸೊಂಟದ ಕೆಳಗೆ ಯಾರಿಗೂ ಕಾಣದು ಎಂದು ಗೊತ್ತಿದ್ದೂ ನೆರಿಗೆ ಸರಿಮಾಡಿಕೊಂಡೆ. ಸಭೆ ಶುರುವಾಯಿತು. ಎಮ್ಮೆ ಕೂಗಿತು, ಕುರ್ಚಿ ಎಳೆದರು, ಯಾರೋ ಗಟ್ಟಿಯಾಗಿ ಸೀನಿದರು. ಶಿಸ್ತು ಮುಖ್ಯವೆಂದು ನಾನು ಎಲ್ಲರ ದನಿಯನ್ನೂ ಕ್ಯಾಮೆರಾವನ್ನೂ ಒಂದೇ ಏಟಿಗೆ ಬಂದ್ ಮಾಡಿದೆ. ಆಮೇಲೆ ಒಂದು ತಾಸು ನಾನೊಬ್ಬಳೇ ಮಾತಾಡಿದೆ. ಮೂಲೆಯ ಸಂಖ್ಯೆ ಹನ್ನೊಂದರಿಂದ ಅಲುಗಲಿಲ್ಲ. "ನಿಮಗೆ ಹೆಚ್ಚು ಕಾಡುವ ರೋಗ ಯಾವುದು?" ಎಂದು ಮತ ಕೇಳಿದರೆ ಕುಪ್ಪೇಲೂರು ಎಂಬ ಹಳ್ಳಿಯ ಫೋನಿನಿಂದ ಉತ್ತರ ಬರಲು ಹತ್ತು ನಿಮಿಷ ಬೇಕಾಯಿತು.

ಮರುದಿನವೇ ಮ್ಯಾನೇಜರು ಉಳಿದ ಮೂರು ಸಭೆಗಳನ್ನು ರದ್ದು ಮಾಡಿದರು. "ಹನ್ನೊಂದೇ ಜನ, ಅವರೂ ನಿದ್ದೆ. ರೈತರಿಗೆ ಆಸಕ್ತಿ ಇಲ್ಲ ಮೇಡಂ." ನಾನೂ ತಲೆಯಾಡಿಸಿದೆ, ನಾಚಿಕೆಗೇಡು.

ಎರಡು ದಿನ ಬಿಟ್ಟು ಕುಪ್ಪೇಲೂರಿನ ಶಾಂತವ್ವ ಫೋನ್ ಮಾಡಿದಳು. ಸಭೆಗೆ ಬಂದ ಹನ್ನೊಂದು ಫೋನುಗಳಲ್ಲಿ ಒಂದು ಅವಳದು.

"ಅಕ್ಕಾರ, ಮುಂದಿನ ಮೀಟಿಂಗ್ ಯಾವಾಗರಿ? ಅವತ್ತು ನಮ್ಮ ಪಡಸಾಲ್ಯಾಗ ನಲವತ್ತು ಮಂದಿ ಕುಂತಿದ್ವಿ. ಜಾಗಾ ಸಾಲದ ಹೊರಗ ನಿಂತಿದ್ರು."

"ನಲವತ್ತು ಮಂದೀನ? ಮತ್ತ ಉತ್ತರ ಒತ್ತಾಕ ಅಷ್ಟು ಹೊತ್ತು ಯಾಕ ಮಾಡಿದ್ರಿ?"

"ಒಂದ ಫೋನು, ಒಂದ ಉತ್ತರ. ಎಲ್ಲಾರೂ ಒಪ್ಪಬೇಕಲ್ರಿ? ಕೆಳಗಿನ ಓಣ್ಯಾವ್ರು ಒಂದು ರೋಗ ಅಂದ್ರು, ನಾವು ಒಂದು ಅಂದ್ವಿ, ಜಗಳನ ಬಿತ್ತು. ನಿಮಗ ಕೇಳಸಲಿಲ್ಲೇನ್ರಿ?"

ಹೇಗೆ ಕೇಳಿಸೀತು, ಅವರ ಬಾಯಿಗೆ ಬೀಗ ಜಡಿದವಳೇ ನಾನು! ಅವಳ ಸಂಕಟ ಬೇರೆಯೇ ಇತ್ತು. ಸಸಿ ಬೆಳೆಸುವ ಮಡಿಯಲ್ಲಿ ಮೆಣಸಿನ ಸಸಿಗಳ ಎಲೆಗಳು ಮುದುಡುತ್ತಿದ್ದವು, ನಾಟಿಗೆ ಉಳಿದದ್ದು ಒಂದೇ ವಾರ. "ಎಲ್ಲಾ ಕಿತ್ತು ಒಗೀಬೇಕೋ, ಹೊಲಕ್ಕ ಹಚ್ಚಬೇಕೋ, ಅದನ್ನ ಕೇಳಾಕ ಕೈ ಎತ್ತಿ ಎತ್ತಿ ಸಾಕಾತ್ರಿ." ಸಸಿ ಕಿತ್ತರೆ ಅವಳ ಈ ವರ್ಷದ ಬೆಳೆಯೇ ಇಲ್ಲ.

ಕಾಗಿನೆಲೆ ಕಡೆಯ ಭಜನೆಯಲ್ಲಿ ಕೂತವರಿಗೆ ಇದು ಗೊತ್ತು: ಮುಂದಿನವನು ಒಂದು ಸೊಲ್ಲು ಎತ್ತುತ್ತಾನೆ, ಹಿಂದಿನವರು ಅದನ್ನು ಹಿಡಿಯುತ್ತಾರೆ. ಹಿಡಿದ ದನಿಯ ಕಸುವಿನಿಂದಲೇ ಜನ ಜೊತೆಗಿದ್ದಾರೋ ಇಲ್ಲವೋ ಅವನಿಗೆ ತಿಳಿಯುತ್ತದೆ. ಪುರಾಣ ಹೇಳುವವರಿಗೂ ಹ್ಞೂಂಗುಡಲು ಒಬ್ಬ ಬೇಕೇ ಬೇಕಿತ್ತು. ನಾನಾದರೋ ಹ್ಞೂಂಕಾರವನ್ನೇ ನಿಷೇಧಿಸಿ, ಯಾಕೆ ಯಾರೂ ಹ್ಞೂಂ ಅನ್ನುತ್ತಿಲ್ಲವೆಂದು ಕೊರಗಿದವಳು.

ಮ್ಯಾನೇಜರಿಗೆ ಫೋನ್ ಮಾಡಿ ನಲವತ್ತರ ಕಥೆ ಹೇಳಿದೆ. "ಹಾಗಾದ್ರೆ ಪ್ರತಿಯೊಬ್ರೂ ಅವರವರ ಫೋನಿಂದ ಬರ್ಲಿ, ಆಗ ನಮಗೆ ಸಂಖ್ಯೆ ಸಿಗುತ್ತೆ" ಎಂದರು. ಮೈಯೆಲ್ಲ ಉರಿಯಿತು. ಒಬ್ಬರ ಪಡಸಾಲೆಯಲ್ಲಿ ತೊಡೆಗೆ ತೊಡೆ ತಾಗಿಸಿ ಕೂತು, ಒಂದು ಉತ್ತರಕ್ಕಾಗಿ ಹತ್ತು ನಿಮಿಷ ಕಾದಾಡುವ ಜನ ನಿದ್ದೆಯವರಂತೆ! ಮೂಲೆಗೊಬ್ಬರು ಕೂತು ಹೆಬ್ಬೆರಳು ಒತ್ತಿದರೆ ಎಚ್ಚರಿದ್ದವರಂತೆ! ಎಲಾ ಇವರ!

ಕಂಪನಿಯ ಹಂಗು ಬೇಡವೆಂದು ಬ್ಯಾಡಗಿಯಲ್ಲಿರುವ ನನ್ನ ಅಣ್ಣನ ಮಗನನ್ನು ಹಿಡಿದೆ. ಕೃಷಿ ಓದಿ ಮೆಣಸಿನಕಾಯಿ ಬೆಳೆಗಾರರಿಗೆ ಸಲಹೆ ಕೊಡುವವನು. ಮರುದಿನ ಬೆಳಿಗ್ಗೆ ಶಾಂತವ್ವನ ಪಡಸಾಲೆಯವರು, ಅವನು, ನಾನು ಸೇರಿ ಸಭೆ ಮಾಡಿದೆವು. ಕುಕ್ಕರ್ ಇಲ್ಲ, ಮತದಾನವಿಲ್ಲ. ಹಟಕ್ಕೆ ಬಿದ್ದು ಮ್ಯಾನೇಜರನ್ನೂ ಕರೆದಿದ್ದೆ. ಯಾರ ದನಿಯನ್ನೂ ಕ್ಯಾಮೆರಾವನ್ನೂ ಬಂದ್ ಮಾಡಲಿಲ್ಲ, ಗದ್ದಲವೋ ಗದ್ದಲ.

ಅಣ್ಣನ ಮಗ ಕೇಳಿದ್ದು ಒಂದೇ ಪ್ರಶ್ನೆ. "ಎಲಿ ಮ್ಯಾಲಕ್ಕ ಮುದುಡ್ಯಾವೋ, ಕೆಳಕ್ಕ ಮುದುಡ್ಯಾವೋ? ಒಂದೊಂದಕ್ಕ ಔಷಧ ಬ್ಯಾರೆ ಐತಿ."

ಯಾರೂ ಅಷ್ಟು ನೋಡಿರಲಿಲ್ಲ. ಮರುಕ್ಷಣ ದಡಬಡ ಸದ್ದು, ಚಪ್ಪಲಿಗಾಗಿ ತಳ್ಳಾಟ. ಪರದೆಯಲ್ಲಿ ಉಳಿದದ್ದು ಖಾಲಿ ಚಾಪೆ, ಸುಣ್ಣದ ಗೋಡೆ.

ಆಗಲೇ ಮ್ಯಾನೇಜರು ಒಳಬಂದರು. "ಏನ್ ಮೇಡಂ, ಒಬ್ರೂ ಇಲ್ವಲ್ಲ? ಎಲ್ಲಾ ಎದ್ದು ಹೋಗ್ಬಿಟ್ರಾ?"

"ಹೌದು ಸರ್, ನಲವತ್ತೂ ಮಂದಿ ಎದ್ದು ಹೋದರು. ತಮ್ಮ ತಮ್ಮ ಸಸಿ ನೋಡೋದಕ್ಕೆ ಓಡಿದ್ದಾರೆ."

ನಾವು ಮೂವರೂ ಆ ಗೋಡೆಯನ್ನೇ ನೋಡುತ್ತ ಕಾದೆವು. ಹದಿನೈದು ವರ್ಷದ ನನ್ನ ನಿರೂಪಣೆಯಲ್ಲಿ ಯಾವ ಸಭಿಕರೂ ಕೇಳಿದ ಒಂದು ಮಾತಿಗಾಗಿ ಹೀಗೆ ಎದ್ದು ಓಡಿರಲಿಲ್ಲ. ಕೊನೆಗೆ ಏದುಸಿರು ಬಿಡುತ್ತ ಬಂದ ಶಾಂತವ್ವ ಎಲೆಯೊಂದನ್ನು ಫೋನಿಗೆ ಒತ್ತಿಯೇ ಹಿಡಿದಳು. ಪರದೆಯೆಲ್ಲ ಹಸಿರಾಯಿತು.

"ಕೆಳಕ್ಕ ಐತ್ರಿ. ಕೀಳಲೇನು?"

"ಬ್ಯಾಡ್ರಿ, ಅದು ನುಸಿ ಕಾಟ. ಔಷಧ ಹೊಡದ್ರ ಸಸಿ ಉಳೀತಾವ" ಎಂದ ಅಣ್ಣನ ಮಗ.