ಟಾಯ್ಲೆಟ್ ಗೋಡೆಯ ಕ್ಯಾಲೆಂಡರ್

ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ನಡೆದದ್ದೆಷ್ಟು, ಆಮೇಲೆ ನಾನೇ ಹೊಲಿದು ಸೇರಿಸಿದ್ದೆಷ್ಟು, ನನಗೆ ಗೊತ್ತಿಲ್ಲ. ಕುವೈತ್ ನಗರದ ಶರ್ಕ್‌ನ ಬ್ಯಾಂಕೊಂದರಲ್ಲಿ ಬೇರೆಯವರ ವರದಿಗಳನ್ನು ಅನುಮಾನಿಸುವುದಕ್ಕೇ ನನಗೆ ಸಂಬಳ. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದ ಮೇಲೆ ಹತ್ತಿದ ಈ ಚಾಳಿ ನನ್ನ ನೆನಪನ್ನೂ ಬಿಟ್ಟಿಲ್ಲ. ಈ ಕತೆಗಿರುವ ಸಾಕ್ಷಿ ಒಬ್ಬನೇ, ನಾನು; ಅವನಿಗೂ ಆಗ ಐದು ವರ್ಷ.

ಅಪ್ಪ ಅಲ್ಲಿಯ ತೈಲದ ಊರು ಅಹ್ಮದಿಯಲ್ಲಿ ಎಂಜಿನಿಯರು, ಅಮ್ಮ ಆಸ್ಪತ್ರೆಯಲ್ಲಿ ಡಾಕ್ಟರು. ಹಗಲೆಲ್ಲ ನನ್ನನ್ನು ನೋಡಿಕೊಂಡವರು ಎರಡು ಮನೆ ಆಚೆಯ ಯಾನಿ ಆಂಟಿ. ಹಾಲೆಂಡಿನವರು. ಗಂಡನ ಕೆಲಸದ ಜೊತೆ ಬಂದು ಇಪ್ಪತ್ತು ವರ್ಷ ಕುವೈತಿನಲ್ಲೇ ಉಳಿದವರು. ಬೇಸಿಗೆಯಲ್ಲಿ ಸೂಟ್‌ಕೇಸ್ ಮುಚ್ಚುತ್ತ "ಮನೆಗೆ ಹೋಗ್ತೀನಿ" ಅನ್ನುತ್ತಿದ್ದರು. ಸೆಪ್ಟೆಂಬರಿನಲ್ಲಿ ಅದೇ ಸೂಟ್‌ಕೇಸ್ ಬಿಚ್ಚುತ್ತ "ಸದ್ಯ, ಮನೆಗೆ ಬಂದೆ" ಅನ್ನುತ್ತಿದ್ದರು. ಕಾಫಿಗೆ ಇಲ್ಲಿಯವರಂತೆ ಏಲಕ್ಕಿ ಹಾಕುತ್ತಿದ್ದರು, ಜೊತೆಗೆ ಅಲ್ಲಿಯವರಂತೆ ಒಂದೇ ಬಿಸ್ಕತ್ತು ಕೊಟ್ಟು ಡಬ್ಬ ಮುಚ್ಚುತ್ತಿದ್ದರು. ಮೈಸೂರಿನ ನನ್ನ ಅಮ್ಮನಿಗೆ ಆ ಮುಚ್ಚಳದ ಸದ್ದು ಇಂದಿಗೂ ಜೀರ್ಣವಾಗಿಲ್ಲ.

ಧೂಳುಗಾಳಿ ಎದ್ದರೆ ಆಂಟಿ ಕಿಟಕಿಯ ಸಂದಿಗೆ ಒದ್ದೆ ಟವೆಲ್ ತುರುಕಿ, ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಗಾಳಿ ನಿಲ್ಲುವವರೆಗೂ ಕತೆ ಹೇಳುತ್ತಿದ್ದರು. ಆ ಕತೆಗಳೆಲ್ಲ ನನಗೆ ಕನ್ನಡದಲ್ಲೇ ನೆನಪಿವೆ. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಇಂಥ ಸಾಕ್ಷಿಯನ್ನು ನೀವಾದರೂ ನಂಬುತ್ತೀರಾ?

ಕಳೆದ ತಿಂಗಳು ಹಾಲೆಂಡಿನಿಂದ ಅವರ ಮಗಳ ಸಂದೇಶ ಬಂತು, ಯಾನಿ ಆಂಟಿ ತೀರಿಕೊಂಡರೆಂದು. ತಕ್ಷಣ ನನಗೆ ನೆನಪಾದದ್ದು ಅವರ ಟಾಯ್ಲೆಟ್. ನಗಬೇಡಿ. ಡಚ್ಚರು ತಮ್ಮವರ ಹುಟ್ಟುಹಬ್ಬಗಳನ್ನು ಬರೆದ ಕ್ಯಾಲೆಂಡರನ್ನು ತೂಗುಹಾಕುವುದು ಅಲ್ಲೇ. ಅದರಲ್ಲಿ ವಾರವಿಲ್ಲ, ಇಸವಿಯಿಲ್ಲ. ಜೀವಮಾನಕ್ಕೆ ಒಂದೇ ಸಾಕು, ಊರು ಬದಲಿಸಿದರೂ ಜೊತೆಗೇ ಒಯ್ಯುತ್ತಾರೆ. ದಿನವೂ ಕೂರುವ ಜಾಗವಾದ್ದರಿಂದ ಯಾರನ್ನೂ ಮರೆಯುವಂತಿಲ್ಲ. ಅಲ್ಲಿ ನನ್ನ ಹೆಸರನ್ನೂ ಆಂಟಿ ಬರೆದದ್ದು ನನಗೆ ನೆನಪಿತ್ತು.

ವಿಸಿಟ್ ವೀಸಾದಲ್ಲಿ ಬಂದಿದ್ದ ಅಮ್ಮ ದೋಸೆ ಮಗುಚುತ್ತ ಅಂದಳು, "ಸುಮ್ನಿರೋ ಶ್ರೀಧರ. ಹೆಸರು ಬರೆಯೋ ಜಾಗವೇನೋ ಅದು? ಅವರು ಎಂಟು ಮಕ್ಕಳನ್ನ ನೋಡ್ಕೋತಿದ್ರು. ನೀನು ಹೋದ್ಮೇಲೆ ಇನ್ನೊಬ್ಬ ಬಂದ, ಅಷ್ಟೆ."

ಆ "ಅಷ್ಟೆ" ನಾಟಿತು. ನಮ್ಮದಲ್ಲದ ಒಂದು ಮನೆಯಲ್ಲಿ, ನಮ್ಮದಲ್ಲದ ಒಂದು ಊರಿನಲ್ಲಿ, ಒಬ್ಬರು ನನ್ನನ್ನು ತಮ್ಮವರ ಪಟ್ಟಿಗೆ ಸೇರಿಸಿಕೊಂಡಿದ್ದರು ಎಂದು ಇಷ್ಟು ವರ್ಷ ನಂಬಿದ್ದೆ. ಕ್ಯಾಲೆಂಡರ್ ಸುಳ್ಳಾದರೆ ಅದೂ ಸುಳ್ಳು.

ಅವರ ಮಗಳಿಗೆ ಬರೆದೆ, ಅಳಿಸಿದೆ, ಮತ್ತೆ ಬರೆದೆ. ತಾಯಿಯನ್ನು ಕಳೆದುಕೊಂಡವರಿಗೆ ಸಂತಾಪ ಹೇಳಿ, ಅದೇ ಉಸಿರಿನಲ್ಲಿ ಟಾಯ್ಲೆಟ್ ಗೋಡೆಯ ಫೋಟೊ ಕೇಳಿದ ಮೊದಲ ಕನ್ನಡಿಗ ನಾನೇ ಇರಬೇಕು.

ಫೋಟೊ ಬಂದಾಗ ನಾನು ಮೀಟಿಂಗಿನಲ್ಲಿದ್ದೆ. ಎದ್ದು ಕಾರಿಡಾರಿಗೆ ಓಡಿದೆ. ಫೆಬ್ರವರಿಯ ಹಾಳೆ. ಐದಕ್ಕೆ ಶ್ರೀಧರ. ಎಂಟಕ್ಕೆ ಶ್ರೀಧರ. ಹದಿನಾರಕ್ಕೆ, ಇಪ್ಪತ್ತಾರಕ್ಕೆ ಕೂಡ ಶ್ರೀಧರ. ನಾಲ್ಕರಲ್ಲಿ ಒಂದೂ ನನ್ನ ಪಾಸ್‌ಪೋರ್ಟಿನ ತಾರೀಖಲ್ಲ. ಕೆಳಗೆ ಮಗಳು ಬರೆದಿದ್ದಳು: "ಪ್ರತಿ ಫೆಬ್ರವರಿ ಅಮ್ಮ ನಾಲ್ಕು ದಿನ ಏಲಕ್ಕಿ ಕಾಫಿ ಮಾಡಿ ಶ್ರೀಧರನಿಗೆ ಶುಭಾಶಯ ಹೇಳುತ್ತಿದ್ದಳು. ನಾಲ್ವರು ಬೇರೆ ಬೇರೆ ಹುಡುಗರಿರಬೇಕು ಅಂದುಕೊಂಡಿದ್ದೆ. ಎಲ್ಲರೂ ನೀವೇನಾ?"

ಸಂಜೆ ಅಮ್ಮ ಕನ್ನಡಕ ಹಾಕಿಕೊಂಡು ಫೋನನ್ನು ಹತ್ತಿರ ಹಿಡಿದಳು. ನಾಲ್ಕೂ ತಾರೀಖುಗಳ ಮೇಲೆ ಬೆರಳಾಡಿಸಿದಳು.

"ಮಾಘ ಬಹುಳ ಪಂಚಮಿ ಕಣೋ. ವರ್ಷವರ್ಷ ಪಂಚಾಂಗ ನೋಡಿ ಹೇಳ್ತಿದ್ದೆ, ಈ ಸಲ ಇವನ ಹುಟ್ಟಿದಹಬ್ಬ ಇವತ್ತು ಅಂತ. ಹೋದ ವರ್ಷ ಬೇರೆ ದಿನ ಇತ್ತಲ್ಲ ಅಂತ ಆಕೆ ಒಂದು ಸಲಾನೂ ಕೇಳ್ಲಿಲ್ಲ." ಫೋನನ್ನು ನನಗೆ ವಾಪಸ್ ಕೊಡುತ್ತ, "ಆದ್ರೂ ಆ ಜಾಗದಲ್ಲಿ ಬರೀಬಾರದಿತ್ತು," ಅಂದಳು. ಕಣ್ಣು ಒರೆಸಿಕೊಂಡದ್ದು ದೋಸೆಯ ಹೊಗೆಗಲ್ಲ, ಒಲೆ ಆರಿತ್ತು.

ಕತೆಗಳು ಯಾವ ಭಾಷೆಯಲ್ಲಿದ್ದವೋ ಇನ್ನೂ ಗೊತ್ತಿಲ್ಲ. ಆದರೆ ನನ್ನ ಚಾಳಿ ಗೊತ್ತಲ್ಲ, ಅಮ್ಮನ ಮಾತನ್ನೂ ಬಿಡಲಿಲ್ಲ. ನಾನು ಆಂಟಿಯ ಮನೆಯಲ್ಲಿ ಬೆಳೆದ ನಾಲ್ಕು ವರ್ಷಗಳ ಹಳೆಯ ಪಂಚಾಂಗಗಳನ್ನು ಹುಡುಕಿ ತೆಗೆದು ನೋಡಿದೆ. ನಾಲ್ಕೂ ದಿನ ಪಂಚಮಿಯೇ.