ಬಾವಿಗಿಳಿದ ಕಣಗಿಲೆ ಬೇರು

ನನ್ನ ಅಪ್ಪನ ತಾಯಿ, ಮೊಮ್ಮಕ್ಕಳಾದ ನಾವೆಲ್ಲ ಆಯಿ ಎಂದು ಕರೆಯುವ ಹಿರಿಯಳು, ಬಾವಿಯ ನೀರಲ್ಲದೆ ಬೇರೆ ನೀರು ಕುಡಿಯುವುದಿಲ್ಲವೆಂದು ಜೈನ ವ್ರತ ಹಿಡಿದವಳು. ಕಾಗವಾಡದ ನಮ್ಮ ಹಿತ್ತಲಲ್ಲೇ ಬಾವಿಯಿದ್ದೂ ಆಕೆ ಮಂಡಿನೋವಿನಲ್ಲಿ ಹಿಂದಿನ ಓಣಿಯ ಬಾವಿಯಿಂದ ಕೊಡ ಹೊತ್ತು ತರುತ್ತಿದ್ದಳು. ಕಾರಣ, ಬಾವಿಕಟ್ಟೆಯ ಪಕ್ಕದ ಹಳೆಯ ಕಣಗಿಲೆ. ಅದರ ವಿಷದ ಬೇರು ಒಳಗೋಡೆಯ ಕಲ್ಲುಸಂದಿಗೆ ನುಗ್ಗಿ ನೀರಿಗೆ ಇಳಿದಿತ್ತು.

ನೆಲ ಅಗೆದರೆ ಹುಳಹುಪ್ಪಟೆ ಸಾಯುತ್ತವೆಂದು ಅಪ್ಪ ವರ್ಷವರ್ಷವೂ ಗಿಡದ ತಲೆಯನ್ನಷ್ಟೇ ಸವರಿ ಸುಮ್ಮನಾಗುತ್ತಿದ್ದರು. ಮಳೆಗಾಲಕ್ಕೆ ಚಾತುರ್ಮಾಸ ಅಡ್ಡ, ಅದು ಮುಗಿದರೆ ಕಬ್ಬಿನ ಕಟಾವು. ದೀಪಾವಳಿಗೆ ಧಾರವಾಡದಿಂದ ಬಂದ ನನಗೆ ಈ ನೆಪಗಳನ್ನು ಅಹಿಂಸೆಯೆಂದು ಒಪ್ಪಲು ಸಾಧ್ಯವಾಗಲಿಲ್ಲ.

"ಜೀವ ಉಳಸೂದಂತೀರಿ," ಎಂದೆ. "ಆಯಿ ಜೀವ ಲೆಕ್ಕಕ್ಕಿಲ್ಲೇನ್ರಿ, ಅಪ್ಪಾ?"

ಅಪ್ಪ ಎದ್ದು ಹಾರೆ ತಂದರು. ತಡೆದವಳು ಆಯಿಯೇ. "ತಡ್ರಿ ಇಬ್ರೂ. ಇರಿವಿಗೂ ಒಂದ ದಿನಾ ಪುರಸೊತ್ತ ಕೊಡ್ರಿ." ದೂರದ ಗೋಡೆಯ ಬುಡಕ್ಕೆ ಸಕ್ಕರೆ ಚೆಲ್ಲಿ ಇರುವೆಗಳನ್ನು ಅತ್ತ ಕರೆದಳು.

ಮರುದಿನ ಬೆಳಿಗ್ಗೆ ಗುದ್ದಲಿ ಹಾಕಿದೆವು. ಸಿಕ್ಕ ಒಂದೊಂದು ಎರೆಹುಳವೂ ಪರಾತದ ಅಗಲ ತಟ್ಟೆಯಲ್ಲಿ ಕೂತು ಬಾಳೆಯ ನೆರಳಿಗೆ ಹೋಗಬೇಕಿತ್ತು. ದೊಡ್ಡ ವಿದ್ಯೆ ಕಲಿತು ಹುಳಗಳ ಮೇಣೆ ಹೊರುವ ಕೆಲಸ ಹಿಡಿದೆನೆಂದು ಆಯಿ ನನ್ನನ್ನು ಕಾಡುತ್ತಲೇ ಇದ್ದಳು. ಮಣ್ಣು ಸರಿದಂತೆ ತೋಳುಗಾತ್ರದ ತಾಯಿಬೇರು ಬೆತ್ತಲಾಯಿತು. ಟ್ರ್ಯಾಕ್ಟರಿಗೆ ಕಟ್ಟಿ ಎಳೆಸೋಣವೆಂದರು ಅಪ್ಪ. ಬೇರಿನ ಹಿಡಿತದಲ್ಲಿ ಕಲ್ಲಿದೆ, ಎಳೆದರೆ ಬಾವಿಯ ಗೋಡೆಯೇ ಕುಸಿಯುತ್ತದೆಂದು ನಾನು ಅಡ್ಡ ನಿಂತೆ. ಕೊನೆಗೆ ಅಪ್ಪ ಸೊಂಟಕ್ಕೆ ಹಗ್ಗ ಬಿಗಿದು ಬಾವಿಯ ಮೆಟ್ಟಿಲಿಳಿದು ಒಳಗಿನಿಂದ ಗರಗಸವಾಡಿಸಿದರು, ನಾನು ಮೇಲಿನಿಂದ. ಬೇರು ಲಟಕ್ಕನೆ ಮುರಿಯಿತು. ಬಾವಿಯೊಳಗೆ ಇಣುಕಿದೆ: ಒಂದು ಕಲ್ಲೂ ಅಲುಗಿರಲಿಲ್ಲ. ಬೊಡ್ಡೆಯನ್ನು ಹಾರೆಯಿಂದ ಮೀಟಿದಾಗ ಅದು ಎದ್ದ ರಭಸಕ್ಕೆ ನಾನು ಕೆಸರಿನಲ್ಲಿ ಅಂಗಾತ ಬಿದ್ದೆ, ಬಿದ್ದಲ್ಲೇ ನಕ್ಕೆ.

ಸಂದಿಯಲ್ಲಿ ಉಳಿದ ತುಂಡನ್ನು ಅಪ್ಪ ಉಳಿಯಿಂದ ಕೆತ್ತಿ ತೆಗೆದು ಸಿಮೆಂಟು ತುಂಬಿದರು. ಪಂಪು ಹಚ್ಚಿ ಹಳೆಯ ನೀರನ್ನೆಲ್ಲ ಹೊರಹಾಕಿದೆವು.

ಅಷ್ಟಕ್ಕೇ ಬಿಡುವ ಮನಸ್ಸು ನನ್ನದಲ್ಲ. ಮುಂದೆ ಈ ಬಾವಿಗೆ ಹೊಣೆ ಯಾರೆಂದು ಕೇಳಿದೆ. ಎಲ್ಲರೂ ನೋಡಿಕೊಂಡು ಹೋಗೋಣ ಎಂದರು ಅಪ್ಪ. ಎಲ್ಲರ ಹೊಣೆಯೆಂದರೆ ಯಾರದೂ ಅಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಆಯಿ ಮಗನತ್ತ ತಿರುಗಿದಳು.

"ಎಲ್ಲಾರೂ ಅನಬ್ಯಾಡ. ನಿನ್ನ ಹೆಸರ ಹೇಳ."

ಅಪ್ಪ ತಲೆ ಕೆರೆದುಕೊಂಡರು. "ನಾನ ನೋಡ್ತೀನಿ, ಅವ್ವಾ. ಅಮಾಸಿಗೊಮ್ಮೆ ಇಳದ ನೋಡ್ತೀನಿ."

ಹೊಸ ನೀರು ತಿಳಿಯಾದ ದಿನ ಆಯಿ ತಾನೇ ಸೇದಿ, ಮಡಿಸಿದ ಬಟ್ಟೆಯಲ್ಲಿ ಸೋಸಿದಳು. ಬಟ್ಟೆಯಲ್ಲಿ ಉಳಿದ ಕಾಣದ ಜೀವಗಳನ್ನು ಮೆಲ್ಲಗೆ ಮರಳಿ ಬಾವಿಗೇ ಇಳಿಸಿದಳು. ನಂತರ ಒಂದು ತಂಬಿಗೆ ನೀರನ್ನು ನಿಲ್ಲಿಸದೆ ಕುಡಿದು, ಬಾಯೊರೆಸಿಕೊಂಡು, ಇನ್ನೊಂದಕ್ಕೆ ಕೈಚಾಚಿದಳು.